ನಿಮ್ಮ ಕಡತದಲ್ಲಿರುವ ಗೋಲ್‌ಕೀಪರ್

ಫುಟ್‌ಬಾಲ್ ಮಂಡಳಿಯ ಆಟಗಾರರ ವರ್ಗಾವಣೆ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಡತದಲ್ಲಿ ಗೋಲ್‌ಕೀಪರ್ ಎಂದು ನಮೂದಾಗಿರುವ ಹದಿನೇಳು ವರ್ಷದ ಹುಡುಗನೊಬ್ಬ ಗೋಲ್‌ಕೀಪರ್ ಅಲ್ಲ. ಯಾವತ್ತೂ ಆಗಿರಲಿಲ್ಲ. ಇದನ್ನು ನಾನು ಮೂರು ಅರ್ಜಿಗಳಲ್ಲಿ ನಿಮಗೆ ತಿಳಿಸಿದ್ದೇನೆ. ಮೂರಕ್ಕೂ ನಿಮ್ಮ ಕಚೇರಿಯಿಂದ ‘ದಾಖಲೆ ಸರಿಯಾಗಿದೆ’ ಎಂಬ ಒಂದೇ ಸಾಲಿನ ಉತ್ತರ ಬಂದಿದೆ. ದಾಖಲೆ ಸರಿಯಾಗಿದೆ, ಹುಡುಗನೇ ತಪ್ಪಾಗಿ ಹುಟ್ಟಿದ್ದಾನೆ ಎಂಬುದು ತಮ್ಮ ಅಭಿಪ್ರಾಯವಿದ್ದರೆ ಅದನ್ನಾದರೂ ಬರೆದು ತಿಳಿಸಬಹುದಿತ್ತು, ಅವನ ತಾಯಿಗೆ ತೋರಿಸುತ್ತಿದ್ದೆ. ಅರ್ಜಿಗಳನ್ನು ಓದಲು ಬಿಡುವಿಲ್ಲದವರು ಬೆಳಿಗ್ಗೆ ಪತ್ರಿಕೆಯನ್ನಾದರೂ ಓದುತ್ತೀರಿ ಎಂಬ ಆಸೆಯಿಂದ ನಾಲ್ಕನೆಯದನ್ನು ಇಲ್ಲಿ ಅಚ್ಚು ಹಾಕಿಸುತ್ತಿದ್ದೇನೆ.

ಮೊದಲು ನನ್ನ ಪರಿಚಯ. ನಾನು ಬಟ್ಟೆ ಹೊಲಿಯುವವಳು. ಹತ್ತೊಂಬತ್ತು ವರ್ಷದಿಂದ ನಮ್ಮ ಬೀದಿಯ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿಯೂ ಹೌದು. ಕ್ಲಬ್ಬಿನ ಕಚೇರಿ ಎಂದರೆ ನನ್ನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗಿರುವ ಎರಡು ತಗಡಿನ ಪೆಟ್ಟಿಗೆ. ಒಂದರಲ್ಲಿ ಕಾಗದಪತ್ರ, ಇನ್ನೊಂದರಲ್ಲಿ ಗಾಳಿ ಹೊಡೆಯುವ ಪಂಪು, ಒಂದು ಜೊತೆ ಗವಸು ಮತ್ತು ಯಾರದ್ದೆಂದು ಯಾರೂ ಒಪ್ಪಿಕೊಳ್ಳದ ಕಾಲುಚೀಲಗಳು. ಕೋಟಿನ ಅಳತೆ ಕೊಡಲು ಬಂದ ಗಿರಾಕಿಗಳು ಮಣ್ಣು ಮೆತ್ತಿದ ಬೂಟುಗಳನ್ನು ದಾಟಿಕೊಂಡು ಒಳಗೆ ಬರುತ್ತಾರೆ, ಮೂಗು ಮುರಿಯುತ್ತಾರೆ, ಆದರೂ ಬರುತ್ತಾರೆ, ಏಕೆಂದರೆ ಹೇಳಿದ ದಿನಕ್ಕೆ ಬಟ್ಟೆ ಕೊಡುವವಳು ಈ ಬೀದಿಯಲ್ಲಿ ನಾನೊಬ್ಬಳೇ. ಹೇಳಿದ ದಿನಕ್ಕೆ ಉತ್ತರ ಕೊಡುವುದು ಎಂಬ ಪದ್ಧತಿಯನ್ನು ತಮ್ಮ ಕಚೇರಿಯೂ ಪರಿಶೀಲಿಸಬಹುದು.

ದೊಡ್ಡ ಕ್ಲಬ್ಬುಗಳು ನಮ್ಮ ಹುಡುಗರನ್ನು ಕರೆದೊಯ್ಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಾಗೆಂದು ತಪ್ಪು ತಿಳಿದು, ಈ ಪತ್ರವನ್ನು ‘ಸಣ್ಣ ಕ್ಲಬ್ಬುಗಳ ಎಂದಿನ ಗೋಳು’ ಎಂಬ ಕಟ್ಟಿಗೆ ಸೇರಿಸಿಬಿಡಬೇಡಿ. ನನ್ನ ಕಾಲದಲ್ಲಿ ಹನ್ನೊಂದು ಮಕ್ಕಳು ಹಾಗೆ ಹೋದರು. ಪ್ರತಿಯೊಬ್ಬನ ಕಾಗದಕ್ಕೂ ಸಹಿ ಹಾಕಿದ್ದೇನೆ, ಬೆನ್ನು ತಟ್ಟಿದ್ದೇನೆ, ಅಂಗಡಿ ಮುಚ್ಚಿದ ಮೇಲೆ ಒಂದಿಷ್ಟು ಅತ್ತಿದ್ದೇನೆ. ನನ್ನ ಪ್ರಶ್ನೆ ಬೇರೆ. ಹದಿನಾಲ್ಕು, ಹದಿನೈದು ವರ್ಷಕ್ಕೇ ಅವರನ್ನು ಎತ್ತಿಕೊಂಡು ಹೋಗಲು ಬಿಡುತ್ತೀರಲ್ಲ, ಹೋದವರು ಏನಾದರು ಎಂದು ತಮ್ಮ ವಿಭಾಗದಲ್ಲಿ ಯಾರಾದರೂ ಒಂದು ಸಲವಾದರೂ ತಿರುಗಿ ನೋಡಿದ್ದುಂಟೇ? ತಮ್ಮ ವಾರ್ಷಿಕ ವರದಿಯ ಮುಖಪುಟದಲ್ಲಿ ನಗುವ ಹುಡುಗನ ಚಿತ್ರವಿದೆ, ಕೆಳಗೆ ‘ಪ್ರತಿಭೆಯ ಮುನ್ನಡೆ’ ಎಂದು ದಪ್ಪ ಅಕ್ಷರದಲ್ಲಿದೆ. ಒಳಗೆ ಹೋದವರ ಸಂಖ್ಯೆ ಇದೆ. ಆಡಿದವರ ಸಂಖ್ಯೆ ಎಲ್ಲಿ? ನಾನು ಎರಡು ಸಲ ಓದಿದೆ, ಸಿಗಲಿಲ್ಲ. ನನ್ನ ಹನ್ನೊಂದು ಮಕ್ಕಳಲ್ಲಿ ಹದಿನೆಂಟು ತುಂಬಿದ ಮೇಲೂ ಬೂಟು ಕಟ್ಟುತ್ತಿರುವವರು ಇಬ್ಬರು. ಬಿಟ್ಟವರಲ್ಲಿ ಒಬ್ಬ ಈಗ ಲಿಫ್ಟ್ ರಿಪೇರಿ ಮಾಡುತ್ತಾನೆ, ಎದುರಿಗೆ ಸಿಕ್ಕರೆ ಫುಟ್‌ಬಾಲ್ ಒಂದು ಬಿಟ್ಟು ಲೋಕದ ಎಲ್ಲ ವಿಷಯ ಮಾತಾಡುತ್ತಾನೆ.

ಈಗ ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಬೀದಿಯಲ್ಲಿ ಅವನಿಗೆ ಇರುವೆ ಎಂದು ಹೆಸರು. ಗಿಡ್ಡ, ಕಪ್ಪಗೆ ಸಣ್ಣಗೆ, ಒಂದು ಕ್ಷಣ ನಿಂತಲ್ಲಿ ನಿಲ್ಲುವವನಲ್ಲ. ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ, ನನ್ನ ಅಂಗಡಿಯ ಮೇಲಿನ ಕೋಣೆಯಲ್ಲೇ ಅವರ ವಾಸ. ಇರುವೆ ಆಡುತ್ತಿದ್ದುದು ಮೈದಾನದ ನಡುವೆ. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತು, ಇಬ್ಬರನ್ನು ಸುತ್ತಿಸಿ, ಮೂರನೆಯವನು ಬರುವಷ್ಟರಲ್ಲಿ ನಮ್ಮವನ ಮುಂದೆ ಇಟ್ಟುಬಿಡುತ್ತಿದ್ದ. ನನಗೆ ಆಟ ಹೇಳಿಕೊಡಲು ಬಾರದು ಮಾನ್ಯರೇ, ಆದರೆ ಹತ್ತೊಂಬತ್ತು ವರ್ಷದಲ್ಲಿ ನೋಡಲು ಬಂದಿದೆ. ಅಂಥ ಇನ್ನೊಬ್ಬನನ್ನು ನಾನು ಕಂಡಿಲ್ಲ.

ನಮ್ಮ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ಗೋಲ್‌ಕೀಪರ್ ಬಾರದಿದ್ದ ದಿನ, ಮೈದಾನಕ್ಕೆ ಎಲ್ಲರಿಗಿಂತ ಕೊನೆಗೆ ಬಂದವನು ಗವಸು ತೊಡಬೇಕು. ತಡವಾಗಿ ಬರುವ ಚಾಳಿ ಬಿಡಿಸಲು ನಾನೇ ಮಾಡಿದ ನಿಯಮ. ಎರಡು ವರ್ಷದ ಹಿಂದೆ ಒಂದು ಭಾನುವಾರ, ನಮ್ಮ ಗೋಲ್‌ಕೀಪರ್ ಕೆಲಸ ಮಾಡುವ ಬ್ರೆಡ್ ಕಾರ್ಖಾನೆಯಲ್ಲಿ ಒಲೆ ಕೆಟ್ಟು ಅವನನ್ನು ಬಿಡಲಿಲ್ಲ. ಇರುವೆ ತಾಯಿಯ ಬಟ್ಟೆಗಂಟುಗಳನ್ನು ಲಾಂಡ್ರಿಗೆ ಹೊತ್ತು ಹಾಕಿ ಓಡಿಬರುವಷ್ಟರಲ್ಲಿ ಉಳಿದ ಹತ್ತು ಮಂದಿ ಸಾಲಾಗಿ ನಿಂತು ನಗುತ್ತಿದ್ದರು. ನಿಯಮ ನಿಯಮವೇ ಎಂದು ಗವಸು ಕೊಟ್ಟವಳು ನಾನು. ಅದೇ ದಿನ, ಎದುರಾಳಿ ತಂಡದ ಯಾರನ್ನೋ ನೋಡಲು ದೊಡ್ಡ ಕ್ಲಬ್ಬಿಗೆ ಆಟಗಾರರನ್ನು ಹುಡುಕಿಕೊಡುವ ಸ್ಕೌಟ್ ಒಬ್ಬರು ಬಂದು ಕಲ್ಲುಬೆಂಚಿನ ಮೇಲೆ ಕೂತಿದ್ದರು.

ಮುಂದೆ ನಡೆದದ್ದನ್ನು ಪವಾಡ ಎನ್ನಲೋ ಗ್ರಹಚಾರ ಎನ್ನಲೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೊದಲ ಚೆಂಡು ಅವನ ಮೊಣಕಾಲಿಗೆ ಬಡಿದು ಹೊರಗೆ ಹೋಯಿತು. ಎರಡನೆಯದನ್ನು ಕಣ್ಣು ಮುಚ್ಚಿಕೊಂಡು ಹಾರಿ ತಡೆದ. ಮೂರನೆಯದು ಬಂದಾಗ ಇವನು ನಮ್ಮವರಿಗೆ ಏನೋ ಕೂಗಿ ಹೇಳುತ್ತ ಆ ಕಡೆ ತಿರುಗಿದ್ದ, ಚೆಂಡು ಬೆನ್ನಿಗೆ ಬಡಿದು ಕಂಬದಾಚೆ ಹಾರಿತು. ಒಂದೂ ಗೋಲಾಗಲಿಲ್ಲ. ಸ್ಕೌಟ್ ಮಹಾಶಯರು ಕಿಸೆಯಿಂದ ಪುಸ್ತಕ ತೆಗೆದು ಬರೆದುಕೊಂಡರು. ಆಟ ಮುಗಿದ ಮೇಲೆ ನನ್ನ ಬಳಿ ಬಂದು, ಈ ವಯಸ್ಸಿಗೆ ಇಷ್ಟು ಧೈರ್ಯವಿರುವ ಗೋಲ್‌ಕೀಪರನ್ನು ತಾನು ನೋಡಿಲ್ಲ, ಎತ್ತರ ಆಮೇಲೆ ಬರುತ್ತದೆ ಎಂದರು. ಅಯ್ಯೋ, ಅವನು ಗೋಲ್‌ಕೀಪರೇ ಅಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಹಿಂದಿನಿಂದ ಇರುವೆ ನನ್ನ ಸೆರಗು ಹಿಡಿದೆಳೆದ.

“ಹೇಳ್ಬೇಡಿ ಅಕ್ಕ. ಮೊದ್ಲು ಒಳಗೆ ಹೋಗ್ತೀನಿ. ಅಲ್ಲಿ ಒಂದೇ ಒಂದ್ಸಲ ಚೆಂಡು ಕಾಲಿಗೆ ಸಿಕ್ರೆ ಸಾಕು, ಅವರೇ ನೋಡ್ತಾರೆ.”

ನಾನು ಹೇಳಲಿಲ್ಲ. ಅವನ ಮೇಲಿನ ಪ್ರೀತಿಯಿಂದ ಸುಮ್ಮನಿದ್ದೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅರ್ಧ ಸುಳ್ಳಾಗುತ್ತದೆ. ಅಷ್ಟು ದೊಡ್ಡ ಕ್ಲಬ್ಬು ನಮ್ಮ ಬೀದಿಗೆ ಬಂದಿತಲ್ಲ ಎಂಬ ಜಂಬವೂ ಇತ್ತು. ಮರುದಿನ ಅಂಗಡಿಗೆ ನಿಮ್ಮ ನಮೂನೆ ಬಂತು. ಸ್ಥಾನ: ಗೋಲ್‌ಕೀಪರ್. ಅನುಭವ: ಮೂರು ವರ್ಷ. ಅನುಭವ ಅಸಲಿಗೆ ಒಂದೂವರೆ ಗಂಟೆ. ಬರೆದ ಕೈ ನನ್ನದು, ಸಹಿ ನನ್ನದು, ಮೊಹರು ನನ್ನ ತಗಡಿನ ಪೆಟ್ಟಿಗೆಯದು.

ಆ ಒಂದು ಸಲ ಬರಲೇ ಇಲ್ಲ. ದೊಡ್ಡ ಕ್ಲಬ್ಬಿನಲ್ಲಿ ಗೋಲ್‌ಕೀಪರುಗಳಿಗೆ ಬೇರೆಯೇ ತರಬೇತಿ, ಬೇರೆಯೇ ಮೂಲೆ, ಬೇರೆಯೇ ತರಬೇತುದಾರ. ಅಲ್ಲಿ ಚೆಂಡು ಕೈಗೆ ಬರುತ್ತದೆ, ಕಾಲಿಗಲ್ಲ. ನಾಲ್ವರಲ್ಲಿ ಇವನು ನಾಲ್ಕನೆಯವನು. ಮೂರು ತಿಂಗಳಾದ ಮೇಲೆ ಧೈರ್ಯ ಮಾಡಿ, ಸರ್, ನಾನು ನಡುವೆ ಆಡುವವನು ಎಂದು ಹೇಳಿಕೊಂಡನಂತೆ. ಎಲ್ಲ ಗೋಲ್‌ಕೀಪರುಗಳೂ ಹಾಗೇ ಅಂದುಕೊಂಡಿರುತ್ತಾರೆ ಎಂದು ತರಬೇತುದಾರರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಎರಡು ವರ್ಷದಲ್ಲಿ ಅವನು ಆಡಿದ ಪಂದ್ಯಗಳು ಎಷ್ಟು ಗೊತ್ತೇ? ತಮ್ಮ ವರದಿಯಲ್ಲಿ ಇಲ್ಲದ ಸಂಖ್ಯೆಯನ್ನು ನಾನೇ ಕೊಡುತ್ತೇನೆ: ಸೊನ್ನೆ. ಎತ್ತರ ಬಂದಿರುವುದು ಎರಡು ಬೆರಳಷ್ಟು.

ಹೋದ ತಿಂಗಳು ಅವನ ತಾಯಿ ನನ್ನ ಅಂಗಡಿಯಲ್ಲಿ ಕೂತು ಹೇಳಿದ್ದು ಇಷ್ಟು: “ವಾರವಾರ ಪಂದ್ಯದ ಬಟ್ಟೆ ತಂದು ಹಾಕ್ತಾನೆ ಅಕ್ಕ. ಎರಡು ವರ್ಷದಿಂದ ಒಂದು ಕಲೆ ಇಲ್ಲ. ಒಗೆಯೋಕೇ ಏನೂ ಇಲ್ಲ ಅದ್ರಲ್ಲಿ.” ದಿನಕ್ಕೆ ನಾನೂರು ಹೊದಿಕೆ ಇಸ್ತ್ರಿ ಮಾಡುವ ಹೆಂಗಸು, ಯಾವ ಕಲೆ ಎಲ್ಲಿಂದ ಬಂತೆಂದು ನೋಡಿದೊಡನೆ ಹೇಳಬಲ್ಲವಳು, ತನ್ನ ಮಗನ ಸ್ವಚ್ಛ ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತಳು. ನನಗೆ ತಲೆ ಎತ್ತಲಾಗಲಿಲ್ಲ.

ಅವನನ್ನು ವಾಪಸು ಕರೆದುಕೊಳ್ಳೋಣವೆಂದರೆ ದೊಡ್ಡ ಕ್ಲಬ್ಬಿನವರಿಗೆ ಎಳ್ಳಷ್ಟೂ ಅಭ್ಯಂತರವಿಲ್ಲ. ಕರೆದುಕೊಂಡು ಹೋಗಿ ಎಂದು ಸಂತೋಷದಿಂದ ಬರೆದುಕೊಟ್ಟಿದ್ದಾರೆ. ಅಡ್ಡ ನಿಂತಿರುವುದು ತಮ್ಮ ನಿಯಮ. ಮೂರು ವರ್ಷದ ನೋಂದಣಿ ಮುಗಿಯುವವರೆಗೆ ಹುಡುಗ ಬೇರೆಡೆ ಆಡುವಂತಿಲ್ಲ, ಮೂಲ ದಾಖಲೆಯೇ ಸುಳ್ಳೆಂದು ಸಾಬೀತಾದರೆ ಮಾತ್ರ ವಿನಾಯಿತಿ. ಆ ಮೂರನೆಯ ವರ್ಷ ಮುಗಿಯುವಷ್ಟರಲ್ಲಿ ಅವನಿಗೆ ಹದಿನೆಂಟು ದಾಟಿ ಕಿರಿಯರ ಲೀಗ್ ಕೈತಪ್ಪಿರುತ್ತದೆ. ಮೂರು ವರ್ಷ ಒಂದು ಪಂದ್ಯವನ್ನೂ ಆಡದವನನ್ನು ಹಿರಿಯರ ಯಾವ ತಂಡ ತಾನೇ ಕರೆದು ಕೂರಿಸುತ್ತದೆ? ಅಂದರೆ ಅವನ ಆಟ ಶುರುವಾಗುವ ಮೊದಲೇ ಮುಗಿಯುತ್ತದೆ, ಅದೂ ನಿಯಮಬದ್ಧವಾಗಿ. ಈ ವರ್ಷದ ನೋಂದಣಿಯ ಅವಧಿ ಮುಗಿಯಲು ಇನ್ನು ಹದಿನೆಂಟು ದಿನ ಉಳಿದಿದೆ.

ಮೂರನೆಯ ಅರ್ಜಿಯೊಂದಿಗೆ ನಾನೇ ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಕಿಟಕಿಯ ಹಿಂದಿದ್ದ ಗುಮಾಸ್ತರು ಒಳ್ಳೆಯವರು, ನನ್ನನ್ನು ಕೂರಿಸಿ, ನೀರು ಕೊಟ್ಟು, ಇದುವರೆಗಿನ ಅರ್ಜಿಗಳಲ್ಲಿ ನಾನು ‘ನಮೂದಿನಲ್ಲಿ ದೋಷವಿದೆ’ ಎಂದಷ್ಟೇ ಬರೆದಿದ್ದೇನೆ, ದೋಷ ಯಾರದ್ದೆಂದು ಎಲ್ಲೂ ಬರೆದಿಲ್ಲ ಎಂದು ತೋರಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: “ಸುಳ್ಳು ಬರ್ದಿದ್ದು ನಾನೇ ಅಂತ ನೀವು ಬರ್ದುಕೊಟ್ರೆ ಹುಡುಗ ಆಚೆ ಬರ್ತಾನಮ್ಮ. ಆದ್ರೆ ನೀವು ಹೋಗ್ತೀರಿ.” ಸುಳ್ಳು ದಾಖಲೆ ಕೊಟ್ಟ ಕಾರ್ಯದರ್ಶಿ ಐದು ವರ್ಷ ಯಾವ ಕ್ಲಬ್ಬಿನ ಹೊಣೆಯನ್ನೂ ಹೊರುವಂತಿಲ್ಲ, ಪಂದ್ಯದ ದಿನ ಮೈದಾನದ ಒಳಗೆ ಕಾಲಿಡುವಂತಿಲ್ಲ. ಮೂರು ಅರ್ಜಿ ನಾನು ಏಕೆ ಹಾಗೆ ಬರೆದೆ ಎಂದು ಈಗ ತಮಗೂ ಅರ್ಥವಾಗಿರಬೇಕು. ತಮ್ಮ ಕಚೇರಿಯನ್ನು ಬೈಯುತ್ತ ಬೈಯುತ್ತ ನನ್ನ ಕುರ್ಚಿಯನ್ನೂ ಭದ್ರವಾಗಿ ಹಿಡಿದುಕೊಂಡಿದ್ದೆ. ಕುರ್ಚಿ ಹಿಡಿದುಕೊಳ್ಳುವ ವಿದ್ಯೆಯಲ್ಲಿ ತಾವೂ ನಾನೂ ಒಂದೇ ಶಾಲೆಯವರು.

ಇರುವೆಗೆ ಈ ಷರತ್ತು ಹೇಳಿದೆ. ಬೇಡ ಎಂದ. ಸುಳ್ಳು ಹೇಳಿಸಿದ್ದು ತಾನಲ್ಲವೇ, ಇನ್ನೊಂದು ವರ್ಷ ಕಾಯುತ್ತೇನೆ ಎಂದ. ಹದಿನೈದು ವರ್ಷದ ಹುಡುಗ ಸೆರಗು ಎಳೆದರೆ ಐವತ್ತು ದಾಟಿದ ಹೆಂಗಸಿಗೆ ಬುದ್ಧಿ ಎಲ್ಲಿ ಹೋಗಿತ್ತು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಆದ್ದರಿಂದ ಮಾನ್ಯರೇ, ಎಲ್ಲರೆದುರು ಬರೆದುಕೊಡುತ್ತಿದ್ದೇನೆ. ಆ ನಮೂನೆಯಲ್ಲಿ ‘ಗೋಲ್‌ಕೀಪರ್’ ಎಂದೂ ‘ಮೂರು ವರ್ಷ’ ಎಂದೂ ಬರೆದದ್ದು ಸುಳ್ಳು. ಸುಳ್ಳೆಂದು ತಿಳಿದೇ ಬರೆದೆ. ಬರೆದವಳು ನಾನೊಬ್ಬಳೇ, ಹುಡುಗನ ಸಹಿ ಅದರಲ್ಲಿ ಎಲ್ಲೂ ಇಲ್ಲ. ಇನ್ನು ತಮಗೆ ಬೇಕಾದ ಪುರಾವೆ ಸಿಕ್ಕಿತು, ನೆಪ ಉಳಿಯಲಿಲ್ಲ. ಹದಿನೆಂಟು ದಿನದೊಳಗೆ ಅವನನ್ನು ನಮ್ಮ ಕ್ಲಬ್ಬಿಗೆ ಬಿಟ್ಟುಕೊಡಿ. ಮುಂದಿನ ವರದಿಯಲ್ಲಿ, ಹೋದ ಮಕ್ಕಳಲ್ಲಿ ಆಡಿದವರೆಷ್ಟು ಎಂಬುದನ್ನೂ ಅಚ್ಚು ಹಾಕಿಸಿ. ನನ್ನ ಶಿಕ್ಷೆಯ ಆದೇಶವನ್ನು ನಿಧಾನವಾಗಿ ಕಳಿಸಿದರೂ ನಡೆಯುತ್ತದೆ, ಅವನ ಕಾಗದ ಮೊದಲು ಬರಲಿ.

ಕಾರ್ಯದರ್ಶಿಯ ಮೊಹರನ್ನು ಇವತ್ತು ಬೆಳಿಗ್ಗೆ ಬ್ರೆಡ್ ಕಾರ್ಖಾನೆಯ ಗೋಲ್‌ಕೀಪರನ ಕೈಗೆ ಕೊಟ್ಟಿದ್ದೇನೆ. ಇರುವೆ ಆಡುವ ದಿನ ನಾನು ಬೇಲಿಯಿಂದಾಚೆ, ರಸ್ತೆಯ ಮೇಲೆ ನಿಂತಿರುತ್ತೇನೆ. ರಸ್ತೆ ತಮ್ಮ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ, ನಿಯಮಾವಳಿಯನ್ನು ಕೊನೆಯ ಪುಟದವರೆಗೆ ಓದಿ ಖಾತ್ರಿ ಮಾಡಿಕೊಂಡಿದ್ದೇನೆ.

ಇಂತಿ,
ಈ ಪತ್ರ ತಮ್ಮ ಮೇಜು ಮುಟ್ಟುವವರೆಗೆ ಮಾತ್ರ ಕಾರ್ಯದರ್ಶಿಯಾಗಿರುವ,
ಒಬ್ಬ ಬಟ್ಟೆ ಹೊಲಿಯುವವಳು