ಮೊದಲೇ ಹಿಡಿಸಿದ ತೆರಿಗೆ

ವೆಂಡೆಲ್,

ಇವತ್ತು ಲೈಬ್ರರಿಗೆ ಹೋಗಿ ನಮ್ಮ ತೆರಿಗೆ ಫಾರಂ ತುಂಬಿಸಿದೆ. ಗಾಜಿನ ಕಾರ್ಖಾನೆ ಮುಚ್ಚಿದ ಮೇಲೆ ನಿನಗೆ ಬಂದ ನಿರುದ್ಯೋಗ ಭತ್ಯೆಯ ಚೀಟಿ, ಪಿಂಚಣಿಯ ಚೀಟಿ ಎರಡನ್ನೂ ಮೇಜಿನ ಮೇಲಿಟ್ಟೆ. ಕರಗುವ ಹಿಮದ ಬೆಳಕಿನಲ್ಲಿ ನಿನ್ನ ಹೆಸರು ಕಾಗದದಿಂದ ತುಸು ಮೇಲೆ ತೇಲುವಂತಿತ್ತು.

ಪುಕ್ಕಟೆ ಫಾರಂ ತುಂಬಿಕೊಡುವ ಡೊರೀನ್ ನಕ್ಕಳು. “ನಿಮ್ಮೆಜಮಾನ್ರು ಭಾಳ ಹುಷಾರು ಕಣ್ರೀ! ಎರಡ್ರಲ್ಲೂ ದುಡ್ಡು ಕೈಗೆ ಬರೋ ಮೊದ್ಲೇ ತೆರಿಗೆ ಹಿಡಿಸ್ಬಿಟ್ಟಿದಾರೆ. ನೀವೀಗ ಏನೂ ಕಟ್ಟಬೇಕಾಗಿಲ್ಲ.”

ಹೋದ ಬೇಸಿಗೆಯಿಡೀ ನಾನು, “ಇಷ್ಟೇನಾ ಬಂದಿದ್ದು? ಉಳಿದಿದ್ದು ಯಾವ ಬಾರ್‌ಗೆ ಸುರಿದೆ?” ಅನ್ನುತ್ತಿದ್ದೆ. ನೀನು ಟೋಪಿ ಸರಿಮಾಡಿಕೊಂಡು ಅಂಗಳಕ್ಕೆ ಹೋಗುತ್ತಿದ್ದೆ.

ನೀನು ತೀರಿಕೊಂಡ ವರ್ಷದವರೆಗೆ ಇಬ್ಬರದೂ ಒಂದೇ ಫಾರಂ ಅಂತೆ. ಮುಂದಿನ ಸಲ ನಾನೊಬ್ಬಳೇ.

“ಇಲ್ಲಿ ಸೈನ್ ಹಾಕಿ,” ಎಂದಳು ಡೊರೀನ್.

“ಪೆನ್ನು ಬರೀತಿಲ್ಲ,” ಎಂದು ಸುಳ್ಳು ಹೇಳಿದೆ.