ಹಿಂದಕ್ಕೆ ಓಡಿದ ಅಕ್ಕನ ಮುಖವನ್ನು ಕೊಟ್ಟುಬಂದವನಿಗೆ

ಸದಾ ಒಂದು ಕಣ್ಣು ಮುಚ್ಚಿ ಕ್ಯಾಮೆರಾಗೆ ಅಂಟಿಕೊಂಡಿರೋ ಒಂಟಿಗಣ್ಣಾ,

'ಪ್ರೀತಿಯ' ಅಂತ ಶುರು ಮಾಡೋಕೆ ಬಾಯಿ ಬರ್ತಿಲ್ಲ. ಟೈಪ್ ಮಾಡಿದ್ರೆ ಅರ್ಧ ಓದಿ ಬಿಡ್ತೀಯ, ಅದಕ್ಕೇ ಮಾತಾಡಿ ಕಳಿಸ್ತಿದ್ದೀನಿ. ಪೂರ್ತಿ ಕೇಳು.

ಹೊಟ್ಟೆಪಾಡಿಗೆ ಅಂತ ಈ ಊರಿಗೆ ಬಂದು ನಾನೂ ಅಕ್ಕನೂ ಇರೋ ಕೋಣೇಲಿ ನೀನು ಎಷ್ಟು ಸಲ ಊಟ ಮಾಡಿಲ್ಲ? ನಿನ್ನನ್ನೂ ಅವಳು 'ತಮ್ಮಾ' ಅಂತಲೇ ಕರೆದಳು. ಉಂಡ ಮನೆಗೇ ಎರಡು ಬಗೆದೆಯಲ್ಲೋ.

ಅಕ್ಕನ ಕೆಲಸ ಮಾಲ್‌ನ ಮೇಕಪ್ ಕೌಂಟರಲ್ಲಿ. ಮುಖಕ್ಕೆ ಬಳಿದುಕೊಳ್ಳದೆ ಅಲ್ಲಿ ನಿಲ್ಲೋ ಹಾಗಿಲ್ಲ. ಆ ಬಣ್ಣದ ಕೆಳಗಿನ ಕಪ್ಪು ಮಚ್ಚೆಗಳು ಹದಿನಾಲ್ಕನೇ ವಯಸ್ಸಿಗೆ ಟಿವಿ ನೋಡಿ ಹಚ್ಚಿದ ಬೆಳ್ಳಗಾಗೋ ಕ್ರೀಮ್ ಕೊಟ್ಟಿದ್ದು. ಫಿಲ್ಮ್ ಕ್ಲಬ್ಬಿಗೆ ಅಂತ ನಾವಿಬ್ಬರೂ ತೆಗೆದ ಸಿನಿಮಾ ಅಷ್ಟೇ ತಾನೆ: ಹಿಂದೆ ಟಿವಿಯಲ್ಲಿ ಒಂದಾದ ಮೇಲೊಂದು ಜಾಹೀರಾತು, ಮುಂದೆ ಅಕ್ಕ ಹತ್ತಿಯಿಂದ ಬಣ್ಣ ಒರೆಸಿಕೊಳ್ತಾ ಹೋಗ್ತಾಳೆ. ನಾಲ್ಕು ನಿಮಿಷ, ಒಂದೇ ಶಾಟ್, ಮಾತಿಲ್ಲ. ಕೊನೇಲಿ ಮಚ್ಚೆಗಳ ಮುಖ ನೇರ ನಮ್ಮನ್ನ ನೋಡುತ್ತೆ.

"ನಿಮ್ಮ ಕ್ಲಬ್ಬಿನ ಇಪ್ಪತ್ತು ಜನ ನೋಡ್ಲಿ, ಸಾಕು. ಬೇರೆ ಎಲ್ಲಾದ್ರೂ ಹಾಕಿದ್ರೆ ಇಬ್ಬರ ಕಾಲೂ ಮುರೀತೀನಿ" ಅಂದಿದ್ದಳು ಅಕ್ಕ. "ಆಣೆಗೂ ಇಲ್ಲಕ್ಕಾ" ಅಂದವನು ನೀನು.

ಎಡಿಟಿಂಗಲ್ಲಿ ತಮಾಷೆಗೆ ಅದನ್ನ ಹಿಂದಕ್ಕೆ ಓಡಿಸಿದ್ದು ನಾನೇ, ಒಪ್ಕೊಳ್ತೀನಿ. ಮಚ್ಚೆಗಳು ಮಾಯ ಆಗಿ ಮುಖ ಹೊಳೀತಾ ಬಂದಾಗ ಹೊಟ್ಟೆ ಹಿಡ್ಕೊಂಡು ನಕ್ಕಿದ್ವಿ. ನಾನು ನಕ್ಕು ಮರೆತೆ. ನೀನು ಅದನ್ನ ಕ್ರೀಮ್ ಕಂಪನಿಗೆ ಜಾಹೀರಾತು ಮಾಡ್ಕೊಳ್ಳಿ ಅಂತ ಕೊಟ್ಟೆ. ಅವರು ಕಂಪ್ಯೂಟರಲ್ಲಿ ಟಿವಿ ಇದ್ದ ಕಡೆ ಹೂವು, ಹತ್ತಿ ಇದ್ದ ಕೈಲಿ ಕ್ರೀಮು ಕೂರಿಸಿದ್ರು.

ಈಗ ಅದು ಅಕ್ಕನ ಕೌಂಟರಿನ ಮೇಲಿನ ಸ್ಕ್ರೀನಲ್ಲೇ ದಿನವಿಡೀ ಓಡ್ತಿದೆ. ನಿನ್ನೆ ಸ್ಕೂಲ್ ಯೂನಿಫಾರ್ಮಲ್ಲಿದ್ದ ಒಬ್ಬ ಹುಡುಗಿ ಎರಡು ಟ್ಯೂಬ್ ತಗೊಂಡು, "ನಾನೂ ನಿಮ್ಮ ಥರಾನೇ ಆಗ್ತೀನಿ ಅಲ್ವಾ ಅಕ್ಕಾ?" ಅಂತ ಕೇಳಿದಳಂತೆ. ಬಿಲ್ ಮಾಡಿಕೊಟ್ಟಿದ್ದು ಅಕ್ಕನೇ. ಮನೆಗೆ ಬಂದವಳು ಊಟ ಮುಟ್ಟಲಿಲ್ಲ.

ನನಗೆ ಮೈಯೆಲ್ಲಾ ಉರಿದುಹೋಯ್ತು. "ಅಸಲಿ ಸಿನಿಮಾನೇ ಎಲ್ಲಾ ಕಡೆ ಹಾಕ್ತೀನಿ, ಅವರ ಮಾನ ಹೋಗ್ಲಿ" ಅಂದೆ.

"ಸುಳ್ಳು ಹೇಳೋಕೆ ಅವನಿಗೆ ನನ್ನ ಮುಖ ಬೇಕು, ನಿಜ ಹೇಳೋಕೆ ನಿನಗೆ ನನ್ನ ಮುಖ ಬೇಕು. ನನ್ನನ್ನ ಕೇಳೋರು ಯಾರೋ?" ಅಂದಳು. ನಾನು ಕೈಲಿದ್ದ ಫೋನ್ ಕೆಳಗಿಟ್ಟೆ.

ಇವತ್ತು ಬೆಳಗ್ಗೆ ಅವಳು ಸೋಪು ಹಚ್ಚಿ ಮುಖ ತೊಳೆದು, ಏನೂ ಬಳಿಯದೆ ಕೆಲಸಕ್ಕೆ ಹೋದಳು. ನಾನೂ ಹಿಂದೆಯೇ ಹೋಗಿ ಎದುರಂಗಡಿ ಹತ್ರ ನಿಂತೆ. ಬಂದವರು ಸ್ಕ್ರೀನ್ ನೋಡೋರು, ಕೆಳಗೆ ಅವಳನ್ನ ನೋಡೋರು, ಕೈಲಿದ್ದ ಟ್ಯೂಬ್ ವಾಪಸ್ ಇಡೋರು. ಮ್ಯಾನೇಜರ್ ಓಡಿಬಂದು, "ಏನ್ರೀ ಇದು? ಮೊದಲು ಮನೆಗೆ ಹೋಗ್ರೀ" ಅಂದ್ರು.

"ಡ್ಯೂಟಿ ಎಂಟು ಗಂಟೆವರೆಗೂ ಇದೆ ಸಾರ್" ಅಂದಳು, ಅಲ್ಲಾಡಲಿಲ್ಲ.

ಕೊನೆಗೆ ಅವರು ಸ್ಕ್ರೀನ್ ಆರಿಸಿದ್ರು. ಇವತ್ತಿಗೆ ಮಾತ್ರ. ನಾಳೆ ಅದು ಉರಿಯುತ್ತೋ, ಅವಳ ಕೆಲಸ ಉಳಿಯುತ್ತೋ ಗೊತ್ತಿಲ್ಲ. ಕೊಟ್ಟವನು ನೀನು, ತೆಗೆಸಬೇಕಾದವನೂ ನೀನೇ.

ನಿನ್ನ ಕಣ್ಣು ನೂರು ಕಾಲ ಚೆನ್ನಾಗಿರಲಿ. ಒಂದು ಸಲ ಬಂದು, ಕ್ಯಾಮೆರಾ ಇಲ್ಲದೆ ಅವಳ ಮುಖ ನೋಡು.

ಇತಿ,
ಅವಳಿಗೆ ಉಳಿದಿರೋ ಒಬ್ಬನೇ ತಮ್ಮ