ಅಪ್ಪನ ಹೆಸರಿಲ್ಲದ ಟ್ರ್ಯಾಕ್ಟರ್

ಮಾರ್ಚ್ ೧೧, ಮಂಗಳವಾರ.

ಇವತ್ತು ನನ್ನ ಬಾಯಿಂದ ಬಂದ ‘ಆಯ್ತು’ ಇನ್ನೂ ಚುಚ್ಚುತ್ತಿದೆ.

ಹೊಸ ಟ್ರ್ಯಾಕ್ಟರಿಗಾಗಿ ಅಪ್ಪ ಶೋರೂಮಿನಲ್ಲಿ ಎರಡು ಗಂಟೆ ಚೌಕಾಸಿ ಮಾಡಿದರು. ಮೂರು ಸಲ ಎದ್ದು ಬಾಗಿಲವರೆಗೆ ಹೋದರು, ಮೂರು ಸಲವೂ ಶೋರೂಮಿನವರೇ ವಾಪಸ್ ಕರೆದರು. ಮೂವತ್ತು ಸಾವಿರ ಇಳಿಯಿತು, ಮೇಲೊಂದು ನೆರಳಿನ ಹುಡ್ ಪುಕ್ಕಟೆ. ಮೀಸೆಯಡಿಯಲ್ಲೇ ನಗುತ್ತಿದ್ದರು.

ಆಮೇಲೆ ಸಾಲ ಕೊಡಿಸುವವನು ಅಪ್ಪನ ಗುರುತಿನ ಚೀಟಿ ನೋಡಿದ. “ಯಜಮಾನ್ರೇ, ಕೊನೇ ಕಂತಿನ ಹೊತ್ತಿಗೆ ನಿಮಗೆ ಎಪ್ಪತ್ತೇಳಾಗತ್ತೆ. ಬ್ಯಾಂಕಿನವರು ಒಪ್ಪಲ್ಲ. ಮಗಳ ಹೆಸರಲ್ಲೇ ಮಾಡೋಣ.”

ಅಪ್ಪನ ಮುಖ ಕೂಡ ನೋಡದೆ “ಆಯ್ತು” ಎಂದು ರುಜು ಹಾಕಿಬಿಟ್ಟೆ. ದಡ್ಡಿ ನಾನು.

ಗಾಡಿ ಯಾವತ್ತು ಕಳಿಸಲಿ ಎಂದು ಶೋರೂಮಿನವನು ಕೇಳಿದ್ದು ಅಪ್ಪನನ್ನೇ. ಅವರು ನನ್ನತ್ತ ಕೈ ತೋರಿಸಿದರು. “ಮಾಲೀಕರು ಅಲ್ಲಿದ್ದಾರೆ, ಕೇಳಿ.”

ತಮಾಷೆಯೆಂದು ನಕ್ಕೆ. ನಕ್ಕಿದ್ದು ನಾನೊಬ್ಬಳೇ.